ಬಾಗಿಲಲ್ಲಿ ನಿಂತ ಇಬ್ಬರು

ಏಪ್ರಿಲ್ ೧೪ರಿಂದ ೨೦ರ ವರೆಗೆ ನಮ್ಮ ದೇಶದಲ್ಲಿ ವರ್ಷಂಪ್ರತಿ ಅಗ್ನಿಶಾಮಕ ಸೇವಾ ಸಪ್ತಾಹವು ನಡೆಯುತ್ತದೆ. ೧೯೪೪ರ ಏಪ್ರಿಲ್ ೧೪ರಂದು ಮುಂಬಯಿ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿಗೆ ಬೆಂಕಿ ಬಿದ್ದು, ಅದರೊಳಗಿದ್ದ ಸ್ಫೋಟಕಗಳು ಸಿಡಿದಾಗ, ಬೆಂಕಿಯನ್ನು ನಂದಿಸಲೆಂದು ಹೋಗಿದ್ದ ೬೬ ಮಂದಿ ಅಗ್ನಿಶಾಮಕ ಭಟರು ಪ್ರಾಣ ತೆತ್ತರು. ಸಪ್ತಾಹವು ಅವರ ಸ್ಮರಣೆಗಾಗಿ ಏರ್ಪಟ್ಟದ್ದು. ಇಂಥ ಒಂದು ಸಪ್ತಾಹದಲ್ಲಿ, ಕುಂದಾಪುರದ ಆಸುಪಾಸಿನ ಮೈದಾನವೊಂದರಲ್ಲಿ, ನಾವು ನಮ್ಮ ವಿದ್ಯಾರ್ಥಿಗಳೊಡನೆ ಒಂದು ಪ್ರಾತ್ಯಕ್ಷಿಕೆಯನ್ನು ನೋಡುತ್ತಿದ್ದೆವು. ಹೊಗೆ ತುಂಬಿದ ಕೊಠಡಿಯೊಳಕ್ಕೆ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಬಿಗಿದು ಮುಖವಾಡ ತೊಟ್ಟ ಇಬ್ಬರು ಭಟರು ಹೊಕ್ಕರು. ಅದೇ ವೇಷದ ಇನ್ನಿಬ್ಬರು ಬಾಗಿಲ ಹೊರಗೆ ಸುಮ್ಮನೆ ನಿಂತರು. ಅವರು ನೀರಿನ ಕೊಳವೆಯನ್ನು ಹಿಡಿಯಲಿಲ್ಲ, ಏಣಿಯನ್ನೂ ಎತ್ತಲಿಲ್ಲ. ನಮ್ಮ ಪಕ್ಕದಲ್ಲಿದ್ದ ಹುಡುಗನೊಬ್ಬ, “ಇವ್ರಿಗೆಂತ ಕೆಲ್ಸ ಇಲ್ಯಾ?” ಎಂದು ನಕ್ಕನು.

ಪ್ರಶ್ನೆಯು ಸಹಜವಾದದ್ದೇ. ಬೆಂಕಿ ಬಿದ್ದಿರುವಾಗ ನಾಲ್ಕು ಕೈಗಳು ಸುಮ್ಮನಿರುವುದು ಯಾರ ಕಣ್ಣಿಗೂ ಒಪ್ಪುವಂಥದಲ್ಲ. ಆದರೆ ಆ ನಾಲ್ಕು ಕೈಗಳು ಏಕೆ ಸುಮ್ಮನಿರಬೇಕೆಂಬುದಕ್ಕೆ ಭೌತಶಾಸ್ತ್ರದಲ್ಲಿಯೂ ಶರೀರಶಾಸ್ತ್ರದಲ್ಲಿಯೂ ಸ್ಪಷ್ಟವಾದ ಉತ್ತರವಿದೆ. ಆ ಉತ್ತರವನ್ನು ಜಗತ್ತು ಕಲಿತದ್ದು ಬಹಳ ಬೆಲೆ ತೆತ್ತು. ಅದನ್ನು ಈ ಲೇಖನದಲ್ಲಿ ಮೆಟ್ಟಲು ಮೆಟ್ಟಲಾಗಿ ತಿಳಿಯೋಣ.

ಬೆಂಕಿಯಿಲ್ಲದ ಒಂದು ದುರಂತ

ಮೊದಲು ಬೆಂಕಿಯೇ ಇಲ್ಲದ ಒಂದು ದುರಂತವನ್ನು ನೋಡೋಣ. ಏಕೆಂದರೆ ಕೊಲ್ಲುವುದು ಜ್ವಾಲೆಯಲ್ಲ, ಗಾಳಿ ಎಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ. ೨೦೨೨ರ ಏಪ್ರಿಲ್ ೧೭ರಂದು, ಮಂಗಳೂರಿನ ಸಮೀಪದ ಬಜ್ಪೆಯಲ್ಲಿ, ಮೀನು ಸಂಸ್ಕರಣೆಯ ಕಾರ್ಖಾನೆಯೊಂದರ ತ್ಯಾಜ್ಯದ ತೊಟ್ಟಿಯೊಳಗೆ ಕೂಲಿಯವನೊಬ್ಬ ಬಿದ್ದನು. ಅವನನ್ನು ಎತ್ತಲೆಂದು ಜೊತೆಗಾರರು ಒಬ್ಬರ ಹಿಂದೊಬ್ಬರು ಇಳಿದರು. ಕೊನೆಗೆ ಐದು ಮಂದಿ ಮೃತರಾದರು. ಬಿದ್ದವನು ಒಬ್ಬ; ಉಳಿದವರು ಸತ್ತದ್ದು ಅವನನ್ನು ಉಳಿಸಲೆಂದು ಹೋದದ್ದರಿಂದ.

ಬಾವಿಯಲ್ಲಿ, ಮಲಗುಂಡಿಯಲ್ಲಿ, ದೋಣಿಯ ಮೀನಿನ ಕೋಣೆಯಲ್ಲಿ, ಹೊಗೆ ತುಂಬಿದ ಗೋದಾಮಿನಲ್ಲಿ ಈ ಕಥೆಯು ಮರಳಿ ಮರಳಿ ನಡೆಯುತ್ತದೆ. ಹೇಡಿಗಳು ಇಂಥಲ್ಲಿ ಸಾಯುವುದಿಲ್ಲ, ಧೈರ್ಯಶಾಲಿಗಳೇ ಸಾಯುತ್ತಾರೆ. ಅವರಿಗೆ ಕೊರತೆಯಾದುದು ಕರುಣೆಯಲ್ಲ. ಒಳಗಿನ ಗಾಳಿಯು ಎಂಥದೆಂಬ ತಿಳಿವಳಿಕೆ.

ಇಂದ್ರಿಯಗಳಿಗೆ ಮೋಸ ಮಾಡುವ ಗಾಳಿ

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ೨೦.೯ರಷ್ಟು ಆಮ್ಲಜನಕವಿದೆಯಷ್ಟೆ. ಇದು ೧೯.೫ಕ್ಕಿಂತ ಕೆಳಗಿಳಿದರೆ, ಉಪಕರಣವಿಲ್ಲದೆ ಆ ಸ್ಥಳವನ್ನು ಹೊಗಕೂಡದೆಂಬುದು ಕೈಗಾರಿಕಾ ಸುರಕ್ಷತೆಯ ನಿಯಮ. ನೂರಕ್ಕೆ ೧೬ರ ಸುಮಾರಿಗೆ ಇಳಿದಾಗ ಮೇಣದ ಬತ್ತಿಯು ನಂದುತ್ತದೆ. ಮನುಷ್ಯನಿಗೆ ಯೋಚನೆಯೂ ಚಲನೆಯೂ ಮಂಕಾಗತೊಡಗುತ್ತವೆ. ೧೦ಕ್ಕೂ ಕೆಳಗಿಳಿದರೆ ಅವನು ಬೇಗನೆ ಎಚ್ಚರ ತಪ್ಪುತ್ತಾನೆ. ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಉಸಿರು ಕಟ್ಟಿತೆಂಬ ಸಂಕಟವನ್ನು ನಮಗೆ ಮುಖ್ಯವಾಗಿ ತಂದುಕೊಡುವುದು ಆಮ್ಲಜನಕದ ಕೊರತೆಯಲ್ಲ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡು ಹೆಚ್ಚುವುದು. ಆದುದರಿಂದ ಆಮ್ಲಜನಕವು ಮಾತ್ರ ಕಡಮೆಯಾಗಿರುವ ಗಾಳಿಯಲ್ಲಿ ಮನುಷ್ಯನು ಯಾವ ಸಂಕಟವನ್ನೂ ಅರಿಯದೆಯೇ ಕುಸಿದುಬೀಳಬಲ್ಲನು.

ಬೆಂಕಿಯು ಗಾಳಿ ಸಾಲದ ಕೋಣೆಯಲ್ಲಿ ಉರಿದಾಗ ಇಂಗಾಲದ ಮಾನಾಕ್ಸೈಡು ಹೇರಳವಾಗಿ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದ ಹೀಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಆಸನಗಳಲ್ಲೆಲ್ಲ ಇಳಿಯದ ಪ್ರಯಾಣಿಕರೇ ಕುಳಿತುಬಿಟ್ಟರೆ ನಿಲ್ದಾಣದಲ್ಲಿ ಕಾದವರಿಗೆ ಸ್ಥಳವೆಲ್ಲಿ? ಹಾಗೆಯೇ ಇಲ್ಲಿ ಆಮ್ಲಜನಕಕ್ಕೆ ಸ್ಥಳವಿಲ್ಲದಂತಾಗುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲವು ೧೨೦೦ ಪಾಲು, ಎಂದರೆ ನೂರಕ್ಕೆ ೦.೧೨ ಇದ್ದರೆ ಆ ವಾತಾವರಣವು ಪ್ರಾಣಕ್ಕೆ ಸದ್ಯದ ಅಪಾಯವುಳ್ಳದ್ದು ಎಂದು ಎಣಿಸಲಾಗಿದೆ. ಹತ್ತು ಲಕ್ಷಕ್ಕೆ ೧೨,೮೦೦ ಪಾಲಿದ್ದರೆ ಎರಡು ಮೂರು ಉಸಿರುಗಳಲ್ಲಿಯೇ ಎಚ್ಚರ ತಪ್ಪುತ್ತದೆ.

ಮೀನು, ಸಗಣಿ, ಕೆಸರು ಮೊದಲಾದವು ಗಾಳಿಯಿಲ್ಲದೆಡೆ ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡಿನ ಕುಯುಕ್ತಿಯು ಬೇರೆ ಬಗೆಯದು. ಅದಕ್ಕೆ ಕೊಳೆತ ಮೊಟ್ಟೆಯ ವಾಸನೆಯಿದೆ. ಆದರೆ ಹತ್ತು ಲಕ್ಷಕ್ಕೆ ೧೦೦ ಪಾಲಿನ ಸುಮಾರಿಗೆ ಬಂದಾಗ ಮೂಗಿನ ಶಕ್ತಿಯೇ ಕುಂದುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲವೆಂದು ತಿಳಿದವನು ವಾಸ್ತವವಾಗಿ ಹೆಚ್ಚಿನ ಅಪಾಯದೊಳಕ್ಕೆ ಕಾಲಿಟ್ಟಿರುತ್ತಾನೆ.

ನಮ್ಮ ಹಳ್ಳಿಗಳಲ್ಲಿ ಬಾವಿಗೆ ಇಳಿಯುವ ಮೊದಲು ದೀಪವನ್ನು ಇಳಿಬಿಟ್ಟು ನೋಡುವ ಪದ್ಧತಿಯುಂಟು. ದೀಪವು ಆರಿದರೆ ಇಳಿಯಕೂಡದೆಂಬುದು ಸರಿ. ಆದರೆ ದೀಪವು ಉರಿದರೆ ಇಳಿಯಬಹುದೆಂಬುದು ಸರಿಯಲ್ಲ. ದೀಪವು ಹೇಳುವುದು ಆಮ್ಲಜನಕದ ಸುದ್ದಿಯೊಂದನ್ನೇ. ಬಾವಿಯ ಕಟ್ಟೆಯ ಮೇಲೋ ಒಳಗಿನ ಮೆಟ್ಟಲ ಮೇಲೋ ಡೀಸೆಲ್ ಪಂಪು ಓಡಿದ್ದರೆ ಕೆಳಗೆ ನಿಂತಿರಬಹುದಾದ ಮಾನಾಕ್ಸೈಡು ೦.೧೨ರಷ್ಟಿದ್ದರೂ ದೀಪಕ್ಕೆ ಅದರ ಅರಿವಾಗದು. ಉರಿಯುವ ಅನಿಲವಿರುವ ಗುಂಡಿಯಾದರೆ ದೀಪವೇ ಸ್ಫೋಟಕ್ಕೆ ಕಾರಣವಾದೀತು. ಮೂಗಿಗೆ ಒದ್ದೆ ಬಟ್ಟೆ ಕಟ್ಟುವುದೂ ಇಷ್ಟೇ: ಬಟ್ಟೆಯು ಮಸಿಯನ್ನು ಸ್ವಲ್ಪ ತಡೆದೀತು; ಮಾನಾಕ್ಸೈಡನ್ನು ತಡೆಯದು, ಇಲ್ಲದ ಆಮ್ಲಜನಕವನ್ನು ಹುಟ್ಟಿಸದು.

‘ಪ್ರಾಣಕ್ಕೆ ಸದ್ಯದ ಅಪಾಯ’ವೆಂಬ ಲಕ್ಷಣದಲ್ಲಿ ಇನ್ನೊಂದು ಅಂಶವೂ ಅಡಗಿದೆ. ಒಳಹೊಕ್ಕವನು ತಾನಾಗಿ ಹೊರಬರುವ ಶಕ್ತಿಯನ್ನು ಕಳೆದುಕೊಳ್ಳುವಂಥ ಗಾಳಿಯೂ ಅದೇ ವರ್ಗಕ್ಕೆ ಸೇರಿದುದು. ತನ್ನ ಬುದ್ಧಿ ಮಂಕಾಗುತ್ತಿದೆಯೆಂದು ಮಂಕಾದ ಬುದ್ಧಿಗೆ ತಿಳಿಯಲಾರದು. ಅದನ್ನು ನೋಡಿ ಹೇಳಲು ಪಕ್ಕದಲ್ಲಿ ಇನ್ನೊಬ್ಬನಿರಬೇಕು. ಒಳಗೆ ಹೋಗುವವರು ಇಬ್ಬರಾಗಬೇಕಾದುದಕ್ಕೆ ಇದೇ ಮೊದಲ ಕಾರಣ.

ಹೊಗೆಯ ಭೌತಶಾಸ್ತ್ರ

ಉರಿಯುವ ಕೋಣೆಯ ಮೇಲ್ಭಾಗದಲ್ಲಿ ಉಷ್ಣಮಾನವು ೬೦೦ ಡಿಗ್ರಿ ಸೆಲ್ಸಿಯಸ್ ಆಯಿತೆಂದು ಭಾವಿಸೋಣ. ನಿರಪೇಕ್ಷ ಮಾನದಲ್ಲಿ ಇದು ೮೭೩. ಹೊರಗಿನ ಗಾಳಿಯದು ೨೭ ಡಿಗ್ರಿ, ಎಂದರೆ ೩೦೦. ಒತ್ತಡವು ಒಂದೇ ಇರುವಾಗ ಅನಿಲದ ಸಾಂದ್ರತೆಯು ನಿರಪೇಕ್ಷ ಉಷ್ಣಮಾನಕ್ಕೆ ವಿಲೋಮವಾಗಿರುವುದರಿಂದ, ಆ ಹೊಗೆಯು ಹೊರಗಾಳಿಗಿಂತ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಸಾಂದ್ರವಾಗಿರುತ್ತದೆ. ಹೀಗಾಗಿ ಅದು ಮೇಲೇರಿ ಮಾಡಿನ ಕೆಳಗೆ ಪದರವಾಗಿ ಹರಡುತ್ತದೆ. ನೆಲದ ಹತ್ತಿರ ಸ್ವಲ್ಪ ತಂಪಾದ, ಸ್ವಲ್ಪ ತಿಳಿಯಾದ ಗಾಳಿಯು ಉಳಿದಿರಬಹುದು. ಬೆಂಕಿಯಲ್ಲಿ ಸಿಲುಕಿದವರು ತೆವಳಿಕೊಂಡು ಹೊರಬರಬೇಕೆಂದು ಹೇಳುವುದು ಇದಕ್ಕಾಗಿಯೇ. ಮೇಲಿನ ಪದರವು ಇಷ್ಟು ಬಿಸಿಯಾದಾಗ ಅದರಿಂದ ಹೊಮ್ಮುವ ವಿಕಿರಣವು ಕೆಳಗಿನ ಸಾಮಾನುಗಳನ್ನೆಲ್ಲ ಕಾಯಿಸಿ, ಕೋಣೆಯು ಏಕಕಾಲಕ್ಕೆ ಹೊತ್ತಿಕೊಳ್ಳುವ ಸಂಭವವೂ ಇದೆ. ಭಟನು ಆಗ ಒಳಗಿದ್ದರೆ ಅವನ ಉಡುಪು ಅವನನ್ನು ಕಾಪಾಡಬಲ್ಲುದು ಕೆಲವೇ ಕ್ಷಣ.

ಕಿಟಕಿಗಳಿಲ್ಲದ ಶೀತಲಗೃಹ, ಹಡಗಿನ ಒಡಲು, ನೆಲಮಾಳಿಗೆ ಇವುಗಳಲ್ಲಿ ಸ್ಥಿತಿಯು ಇನ್ನೂ ಕಠಿಣ. ಹೊಗೆಗೆ ಹೊರಹೋಗುವ ದಾರಿಯಿಲ್ಲದೆ ಅದು ತಣಿದು ನೆಲದವರೆಗೂ ಇಳಿಯುತ್ತದೆ. ಅಲ್ಲಿ ಕೈಯೊಳಗಿನ ದೀಪದ ಬೆಳಕೂ ಒಂದು ಗೇಣಿನಾಚೆಗೆ ಕಾಣದಾಗುತ್ತದೆ. ದಾರಿಯ ಗುರುತಿಗೆ ಉಳಿಯುವುದು ಹಿಡಿದು ಹೋದ ಹಗ್ಗ ಅಥವಾ ನೀರಿನ ಕೊಳವೆ, ಎಡಗೈಗೆ ತಗಲುವ ಗೋಡೆ, ಮತ್ತು ಜೊತೆಗಾರನ ದನಿ.

ಬೆನ್ನ ಮೇಲಿನ ಗಾಳಿಯ ಲೆಕ್ಕ

ಒಳಗಿನ ಗಾಳಿಯನ್ನು ನಂಬಲಾಗದೆಂದಮೇಲೆ ಭಟನು ತನ್ನ ಗಾಳಿಯನ್ನು ತಾನೇ ಹೊತ್ತೊಯ್ಯಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಸಿಲಿಂಡರಿನ ಗಾತ್ರ ೬.೮ ಲೀಟರು. ಅದರಲ್ಲಿ ೩೦೦ ಬಾರ್ ಒತ್ತಡಕ್ಕೆ ಗಾಳಿಯನ್ನು ತುಂಬುತ್ತಾರೆ. ಬಾಯ್ಲನ ನಿಯಮದಂತೆ ಇದು ಸಾಧಾರಣ ಒತ್ತಡದಲ್ಲಿ ೬.೮ × ೩೦೦ = ೨೦೪೦ ಲೀಟರಾಗಬೇಕು. ಆದರೆ ಇಷ್ಟು ಹೆಚ್ಚಿನ ಒತ್ತಡದಲ್ಲಿ ಅಣುಗಳ ಸ್ವಂತ ಗಾತ್ರವು ಗಣನೆಗೆ ಬಂದು, ಗಾಳಿಯು ಬಾಯ್ಲನ ನಿಯಮಕ್ಕೆ ಪೂರ್ತಿ ತಲೆಬಾಗುವುದಿಲ್ಲ. ನಿಜವಾಗಿ ದೊರೆಯುವುದು ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ೧೮೫೦ ಲೀಟರೆಂದು ಇಟ್ಟುಕೊಳ್ಳೋಣ. ತರಗತಿಯಲ್ಲಿ ‘ಆದರ್ಶ ಅನಿಲ’ವೆಂದು ನಾವು ಬೋಧಿಸುವುದಕ್ಕೂ ವಾಸ್ತವ ಅನಿಲಕ್ಕೂ ಇರುವ ಅಂತರವು ಇಲ್ಲಿ ಒಬ್ಬ ಮನುಷ್ಯನ ಐದು ನಿಮಿಷಗಳ ಉಸಿರಿಗೆ ಸಮನಾಗಿದೆ!

ಸುಮ್ಮನೆ ಕುಳಿತವನು ನಿಮಿಷಕ್ಕೆ ಆರರಿಂದ ಎಂಟು ಲೀಟರು ಗಾಳಿಯನ್ನು ಉಸಿರಾಡುತ್ತಾನೆ. ಲೆಕ್ಕಕ್ಕಾಗಿ ಭಟನಿಗೆ ನಿಮಿಷಕ್ಕೆ ೪೦ ಲೀಟರು ಎಂದು ಹಿಡಿಯುವುದು ವಾಡಿಕೆ. ಭಾರವೆತ್ತಿ, ಸೆಕೆಯಲ್ಲಿ, ಆತಂಕದಿಂದ ದುಡಿಯುವಾಗ ಅದು ೮೦ಕ್ಕೂ ಮೀರಬಹುದು. ಸಿಲಿಂಡರಿನ ಒತ್ತಡವು ೫೫ ಬಾರಿನ ಸುಮಾರಿಗೆ ಇಳಿದಾಗ ಉಪಕರಣದಲ್ಲಿರುವ ಸಿಳ್ಳೆಯು ತಾನಾಗಿ ಕೂಗತೊಡಗುತ್ತದೆ. ಆಗ ಉಳಿದಿರುವುದು ೬.೮ × ೫೫, ಎಂದರೆ ೩೭೪ ಲೀಟರು. ಇದು ಕೆಲಸಕ್ಕಾಗಿ ಇರುವ ಗಾಳಿಯಲ್ಲ, ಆಪತ್ತಿಗೆ ತೆಗೆದಿರಿಸಿದ್ದು. ಸಿಳ್ಳೆ ಕೂಗುವ ಮುನ್ನವೇ ಭಟನು ಹೊರಗಿರಬೇಕು. ಹಾಗಾದರೆ ಅವನ ಕೈಗೆ ದೊರೆಯುವುದು ಎಷ್ಟು?

೧೮೫೦ರಿಂದ ೩೭೪ ಕಳೆದರೆ ೧೪೭೬ ಲೀಟರು. ನಿಮಿಷಕ್ಕೆ ೪೦ರಂತೆ ಸುಮಾರು ೩೭ ನಿಮಿಷ; ೮೦ರಂತೆ ೧೮ ನಿಮಿಷ ಮಾತ್ರ.

ಈಗ ಬಾಗಿಲಿಂದ ಬೆಂಕಿಯ ಸ್ಥಳಕ್ಕೆ ತೆವಳಿ ತಲುಪಲು ಎಂಟು ನಿಮಿಷ ಬೇಕೆನ್ನೋಣ. ಮರಳಲೂ ಎಂಟು. ಒಟ್ಟು ಹದಿನಾರು. ಶಾಂತವಾಗಿ ಉಸಿರಾಡುವವನಿಗೆ ಕೆಲಸಕ್ಕೆ ೨೧ ನಿಮಿಷ ಉಳಿಯಿತು. ಏದುಸಿರು ಬಿಡುವವನಿಗೆ ಉಳಿದದ್ದು ಎರಡೇ ನಿಮಿಷ. ಇಬ್ಬರು ಜೊತೆಗೂಡಿ ಹೋದಾಗ ಜೋಡಿಯ ಗಡಿಯಾರವು ಯಾರ ಗಾಳಿಯು ಬೇಗ ತೀರುವುದೋ ಅವನದು. ಒಬ್ಬನು ಹೊರಟರೆ ಇನ್ನೊಬ್ಬನೂ ಹೊರಡಲೇಬೇಕು. ತನ್ನ ಸಿಲಿಂಡರಿನಲ್ಲಿ ಇನ್ನೂ ಬೇಕಾದಷ್ಟಿದೆಯೆಂದು ಹಿಂದುಳಿಯಕೂಡದು.

ಹಲಗೆಯ ಮೇಲಿನ ಹೆಸರುಗಳು

ಒಳಗಿದ್ದು ದುಡಿಯುವವನಿಗೆ ಈ ಲೆಕ್ಕವನ್ನು ಮಾಡುತ್ತ ಕುಳಿತುಕೊಳ್ಳಲಾಗದು. ಆದುದರಿಂದ ಲೆಕ್ಕವು ಹೊರಗೆ ನಡೆಯಬೇಕು. ಈ ಪಾಠವನ್ನು ಗಟ್ಟಿಯಾಗಿ ಕಲಿಸಿದುದು ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಬೆಂಕಿ. ೧೯೫೮ರ ಜನವರಿ ೨೩ರಂದು ಅದರ ನೆಲಮಾಳಿಗೆಯ ಶೀತಲಗೃಹಕ್ಕೆ ಬೆಂಕಿ ಬಿತ್ತು. ಜೇಡರ ಬಲೆಯಂತಿದ್ದ ಆ ಓಣಿಗಳೊಳಗೆ ಉಸಿರಾಟದ ಉಪಕರಣ ಧರಿಸಿ ಇಳಿದ ಇಬ್ಬರು ಭಟರು ದಾರಿ ತಪ್ಪಿ, ಉಸಿರು ತೀರಿ ಮಡಿದರು. ಅವರು ಮರಳಿ ಬರಲಿಲ್ಲವೆಂಬುದನ್ನು ಹೊರಗಿನವರು ಅರಿಯುವ ವೇಳೆಗೆ ತಡವಾಗಿತ್ತು.

ಇಂಥ ದುರಂತಗಳ ಫಲವಾಗಿ ಬ್ರಿಟನ್ನಿನಲ್ಲಿ ಪ್ರವೇಶ ನಿಯಂತ್ರಣದ ಕ್ರಮವು ಬಿಗಿಯಾಯಿತು. ಒಳಹೋಗುವ ಪ್ರತಿಯೊಬ್ಬನೂ ತನ್ನ ಹೆಸರಿನ ಬಿಲ್ಲೆಯನ್ನು ಬಾಗಿಲಲ್ಲಿರುವ ಅಧಿಕಾರಿಗೆ ಒಪ್ಪಿಸಬೇಕು. ಅಧಿಕಾರಿಯು ಅದನ್ನು ಒಂದು ಹಲಗೆಗೆ ಸಿಕ್ಕಿಸಿ, ಅವನ ಸಿಲಿಂಡರಿನ ಒತ್ತಡ, ಒಳಹೋದ ಹೊತ್ತು, ಸಿಳ್ಳೆ ಕೂಗಬೇಕಾದ ಹೊತ್ತು ಇವನ್ನು ಬರೆಯುತ್ತಾನೆ. ಹೊರಬಂದವನು ತನ್ನ ಬಿಲ್ಲೆಯನ್ನು ತಾನೇ ಹಿಂದಕ್ಕೆ ಪಡೆಯಬೇಕು. ಹೊತ್ತು ಮೀರಿಯೂ ಹಲಗೆಯಲ್ಲಿ ಬಿಲ್ಲೆ ಉಳಿದಿದ್ದರೆ ಯಾರೂ ಕೂಗಿ ಕರೆಯದಿದ್ದರೂ ಅದೇ ಆಪತ್ತಿನ ಕರೆ. ಈಗಿನ ಉಪಕರಣಗಳಲ್ಲಿ ಭಟನು ಅರ್ಧ ನಿಮಿಷದಷ್ಟು ಹೊತ್ತು ಅಲುಗದಿದ್ದರೆ ತಾನಾಗಿ ಕಿರುಚುವ ಚಿಕ್ಕ ಯಂತ್ರವೂ ಇರುತ್ತದೆ. ಆದರೂ ಕಿರುಚನ್ನು ಕೇಳಿ ಒಳಕ್ಕೆ ಹೋಗಲು ಸಿದ್ಧನಾದವನೊಬ್ಬನು ಬಾಗಿಲಲ್ಲಿ ಇಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಇಬ್ಬರು ಒಳಗೆ, ಇಬ್ಬರು ಹೊರಗೆ

ಈಗ ನಮ್ಮ ಹುಡುಗನ ಪ್ರಶ್ನೆಯ ಬಳಿಗೆ ಬಂದೆವು. ೧೯೯೮ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನದ ಸರಕಾರವು ಈ ಪದ್ಧತಿಯನ್ನು ಕಾಯಿದೆಯ ರೂಪದಲ್ಲಿ ಬರೆಯಿತು. ಕಟ್ಟಡದೊಳಗಿನ ಬೆಂಕಿಯೊಡನೆ ಹೋರಾಡಲು ಒಳಹೋಗುವವರು ಕಡಮೆಯೆಂದರೆ ಇಬ್ಬರಿರತಕ್ಕದ್ದು. ಅವರು ಪರಸ್ಪರ ಕಣ್ಣಿಗೆ ಕಾಣುವಂತೆ ಅಥವಾ ದನಿಗೆ ಎಟುಕುವಂತೆ ಸದಾ ಇರತಕ್ಕದ್ದು. ಹೊರಗೆ ಕಡಮೆಯೆಂದರೆ ಇನ್ನಿಬ್ಬರು ಸಜ್ಜಾಗಿರತಕ್ಕದ್ದು. ಹೊರಗಿನ ಇಬ್ಬರಲ್ಲಿ ಒಬ್ಬನಿಗೆ ಬೇರೆ ಕೆಲಸವನ್ನು ವಹಿಸಬಹುದು. ಆದರೆ ಅದು ಯಾರ ಪ್ರಾಣಕ್ಕೂ ಕುತ್ತಾಗದಂತೆ ಆ ಕ್ಷಣವೇ ಬಿಟ್ಟುಬರಬಹುದಾದ ಕೆಲಸವಾಗಿರಬೇಕು. ತಂಡವು ಪೂರ್ತಿ ಕೂಡುವ ಮೊದಲೇ ಒಳಗೊಬ್ಬನ ಪ್ರಾಣವನ್ನು ತಕ್ಷಣ ಉಳಿಸಬೇಕಾಗಿ ಬಂದರೆ ಅದಕ್ಕೆ ಅಡ್ಡಿಯಿಲ್ಲವೆಂಬ ವಿನಾಯಿತಿಯೂ ಆ ನಿಯಮದಲ್ಲಿದೆ. ಕಾಯಿದೆಯು ಕರುಣೆಯನ್ನು ಕಟ್ಟಿಹಾಕಲಿಲ್ಲ. ಅದಕ್ಕೆ ಲೆಕ್ಕವನ್ನು ಜೊತೆಗೂಡಿಸಿತು.

ಹೊರಗೆ ಇಬ್ಬರೇ ಸಾಕೆ? ನಮ್ಮ ಲೆಕ್ಕವನ್ನೇ ಮುಂದುವರಿಸಿ ನೋಡೋಣ. ಕುಸಿದ ಭಟನ ಬಳಿಗೆ ತಲುಪಲು ಎಂಟು ನಿಮಿಷ. ಉಡುಪು, ಉಪಕರಣ ಸಹಿತನಾದ ಅವನನ್ನು ಎಳೆದುಕೊಂಡು ಬರಲು ಅದರ ಇಮ್ಮಡಿಯೆಂದರೂ ಹದಿನಾರು ನಿಮಿಷ. ಒಟ್ಟು ಇಪ್ಪತ್ತನಾಲ್ಕು. ಇಷ್ಟು ಶ್ರಮದಲ್ಲಿ ನಿಮಿಷಕ್ಕೆ ೮೦ ಲೀಟರಿನಂತೆ ರಕ್ಷಕನಿಗಿರುವುದು ಹದಿನೆಂಟೇ ನಿಮಿಷ! ಎಂದರೆ ಮೊದಲ ಜೋಡಿಯು ಬಿದ್ದವನನ್ನು ಕಂಡುಹಿಡಿದು, ಅವನಿಗೆ ಬೇರೆ ಗಾಳಿಯನ್ನು ಜೋಡಿಸಿ, ಸ್ವಲ್ಪ ದೂರ ಎಳೆದು, ಎರಡನೆಯ ಜೋಡಿಗೆ ಒಪ್ಪಿಸಬೇಕು, ಎರಡನೆಯದು ಮೂರನೆಯದಕ್ಕೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ೨೦೦೧ರ ಮಾರ್ಚ್ ೧೪ರಂದು ಅಮೆರಿಕದ ಫೀನಿಕ್ಸ್ ನಗರದಲ್ಲಿ, ದೊಡ್ಡ ಅಂಗಡಿಯೊಂದರ ಬೆಂಕಿಯಲ್ಲಿ ಭಟನೊಬ್ಬನು ದಾರಿ ತಪ್ಪಿ ಮೃತನಾದನು. ಆಮೇಲೆ ಆ ನಗರದ ಅಗ್ನಿಶಾಮಕ ಇಲಾಖೆಯು ಬರಿದಾದ ದೊಡ್ಡ ಕಟ್ಟಡಗಳಲ್ಲಿ ರಕ್ಷಣೆಯ ಅಭ್ಯಾಸವನ್ನು ಪದೇ ಪದೇ ನಡೆಸಿ ಅಳೆದು ನೋಡಿತು. ಒಬ್ಬ ಭಟನನ್ನು ಹೊರತರಲು ಸರಾಸರಿ ಹನ್ನೆರಡು ಮಂದಿ ಬೇಕಾಯಿತು. ಸರಾಸರಿ ೨೧ ನಿಮಿಷ ಹಿಡಿಯಿತು. ರಕ್ಷಿಸಲು ಹೋದ ಐವರಲ್ಲಿ ಒಬ್ಬನು ತಾನೇ ತೊಂದರೆಗೆ ಸಿಕ್ಕಿದನು. ‘ಶೀಘ್ರ ರಕ್ಷಣಾ ದಳ’ವೆಂಬ ಹೆಸರಿನ ಮೊದಲ ಪದವನ್ನು ಅಷ್ಟಾಗಿ ನಂಬಬಾರದೆಂದು ಎಲ್ಲರಿಗೂ ತಿಳಿಯಿತು. ಬಾಗಿಲಲ್ಲಿ ನಿಂತ ಇಬ್ಬರು ಪೂರ್ಣ ರಕ್ಷಣೆಯಲ್ಲ. ರಕ್ಷಣೆಯ ಮೊದಲ ಹೆಜ್ಜೆ. ಆ ಹೆಜ್ಜೆಯೂ ಇಲ್ಲದಿದ್ದರೆ ಉಳಿದ ಹತ್ತು ಮಂದಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

‘ಇನ್ನು ಸಾಕು’ ಎಂದ ಅಧಿಕಾರಿ

ಬಾಗಿಲಲ್ಲಿ ನಿಲ್ಲುವವನ ಕೆಲಸವು ಒಮ್ಮೊಮ್ಮೆ ಒಳಹೋಗುವುದಕ್ಕಿಂತ ಕಠಿಣವಾದದ್ದು. ೧೯೯೯ರ ಡಿಸೆಂಬರ್ ೩ರಂದು ಅಮೆರಿಕದ ವೂಸ್ಟರ್ ನಗರದಲ್ಲಿ, ೧೯೦೬ರಲ್ಲಿ ಕಟ್ಟಿದ್ದ ಒಂದು ಹಳೆಯ ಶೀತಲಗೃಹಕ್ಕೆ ಬೆಂಕಿ ಬಿತ್ತು. ಕಿಟಕಿಗಳು ಇಲ್ಲವೆನ್ನುವಷ್ಟು ಕಡಮೆ. ಗೋಡೆಗಳಿಗೆ ಬೆಂಡು, ಡಾಮರು, ಪ್ಲಾಸ್ಟಿಕ್ ನೊರೆ ಇವುಗಳ ಹೊದಿಕೆ. ಒಳಗೆ ಮನೆಯಿಲ್ಲದವರು ಮಲಗಿರಬಹುದೆಂಬ ಸುದ್ದಿಯಿದ್ದುದರಿಂದ ಭಟರು ಹುಡುಕುತ್ತ ಒಳಹೊಕ್ಕರು. ವಾಸ್ತವವಾಗಿ ಆ ಜನರು ಆಗಲೇ ಹೊರಟುಹೋಗಿದ್ದರು. ಇಬ್ಬರು ಭಟರು ಹೊಗೆಯಲ್ಲಿ ದಾರಿ ತಪ್ಪಿ, ಗಾಳಿ ತೀರುತ್ತಿದೆಯೆಂದು ರೇಡಿಯೋದಲ್ಲಿ ಕರೆದರು. ಅವರನ್ನು ಹುಡುಕಲು ಹೋದವರಲ್ಲಿ ಇನ್ನೂ ನಾಲ್ವರು ಮರಳಲಿಲ್ಲ. ಆರು ಮಂದಿ ಮಡಿದರು.

ಆಗಲೂ ಮೆಟ್ಟಲ ಬುಡದಲ್ಲಿ ಇನ್ನಷ್ಟು ಭಟರು ಒಳಹೋಗಲು ಕಾತರರಾಗಿ ನಿಂತಿದ್ದರು. ಜಿಲ್ಲಾ ಅಧಿಕಾರಿ ಮೈಕ್ ಮ್ಯಾಕ್‌ನಮೀ ಅವರಿಗೆ ಅಡ್ಡಲಾಗಿ ನಿಂತು, ಇನ್ನು ಯಾರೂ ಹೋಗಕೂಡದೆಂದು ತಡೆದನು. ಒಳಗಿದ್ದವರು ಅವನ ಗೆಳೆಯರು. ತಡೆದುದರಿಂದ ಅವರು ಉಳಿಯಲಿಲ್ಲ. ತಡೆಯದಿದ್ದರೆ ಸಂಖ್ಯೆಯು ಏರುತ್ತಿತ್ತು. ಬಜ್ಪೆಯ ಆ ತೊಟ್ಟಿಯ ಬಾಯಲ್ಲಿ, ‘ಇನ್ನು ಸಾಕು, ಯಾರೂ ಇಳಿಯಬೇಡಿ’ ಎನ್ನುವವನೊಬ್ಬನಿದ್ದಿದ್ದರೆ ಎಂದು ನಮಗೆ ತೋರದಿರದು.

ನಮ್ಮ ಕರಾವಳಿಯ ಲೆಕ್ಕ

ಬ್ರಹ್ಮಾವರದಿಂದ ಕುಂದಾಪುರ, ಬೈಂದೂರುಗಳ ವರೆಗಿನ ನಮ್ಮ ಪ್ರದೇಶವು ಹೆದ್ದಾರಿಯ ಉದ್ದಕ್ಕೆ ನೂಲಿನಂತೆ ಹರಡಿಕೊಂಡಿದೆ. ಗೇರುಬೀಜದ ಕಾರ್ಖಾನೆಗಳು, ಅಕ್ಕಿ ಗಿರಣಿಗಳು, ಮಂಜುಗಡ್ಡೆಯ ಘಟಕಗಳು, ಮೀನಿನ ಬಂದರುಗಳು, ಮನೆಮನೆಗೂ ಮುರಕಲ್ಲಿನ ಬಾವಿಗಳು. ೨೦೨೩ರ ನವೆಂಬರ್ ೧೩ರಂದು ಗಂಗೊಳ್ಳಿಯಲ್ಲಿ ಸಾಲಾಗಿ ನಿಂತಿದ್ದ ಮೀನುಗಾರಿಕೆಯ ದೋಣಿಗಳಿಗೆ ಬೆಂಕಿ ಬಿದ್ದು ಹಲವು ದೋಣಿಗಳು ಸುಟ್ಟುಹೋದುದನ್ನು ಇಲ್ಲಿಯವರು ಮರೆತಿಲ್ಲ. ಮಂಜುಗಡ್ಡೆಯ ಘಟಕಗಳಲ್ಲಿ ಬಳಸುವ ಅಮೋನಿಯವು ಹತ್ತು ಲಕ್ಷಕ್ಕೆ ೩೦೦ ಪಾಲಾದರೆ ಪ್ರಾಣಕ್ಕೆ ಸದ್ಯದ ಅಪಾಯವುಳ್ಳದ್ದು. ನೂರಕ್ಕೆ ೧೫ರಿಂದ ೨೮ರ ವರೆಗೆ ಗಾಳಿಯೊಡನೆ ಬೆರೆತರೆ ಹೊತ್ತಿಕೊಳ್ಳಬಲ್ಲದ್ದು.

ಈಗ ಒಂದು ಸರಳವಾದ ಲೆಕ್ಕ. ಕುಂದಾಪುರದಲ್ಲಿ ಅಗ್ನಿಶಾಮಕ ಠಾಣೆಯಿದೆ. ಅಲ್ಲಿಂದ ಬೈಂದೂರಿಗೆ ಮೂವತ್ತು ಕಿಲೋಮೀಟರಿಗೂ ಮಿಕ್ಕ ದಾರಿ; ಉಡುಪಿಯಿಂದ ಕುಂದಾಪುರಕ್ಕೆ ಸುಮಾರು ಮೂವತ್ತಾರು. ನೀರು ತುಂಬಿದ ಭಾರಿ ವಾಹನವು ಗಂಟೆಗೆ ೫೦ ಕಿಲೋಮೀಟರು ಓಡಿತೆಂದರೂ ಒಂದು ಊರಿನಿಂದ ಇನ್ನೊಂದಕ್ಕೆ ನೆರವು ಬರಲು ಮೂವತ್ತೈದರಿಂದ ನಲವತ್ತೈದು ನಿಮಿಷ ಬೇಕು. ಭಟನ ಬೆನ್ನಿನ ಗಾಳಿಯು ಶಾಂತವಾಗಿ ಉಸಿರಾಡಿದರೆ ಸಿಳ್ಳೆಯವರೆಗೆ ೩೭ ನಿಮಿಷ, ಶ್ರಮಪಟ್ಟರೆ ೧೮ ನಿಮಿಷ. ಒಳಗಿನವನು ಬಿದ್ದ ಮೇಲೆ ಪಕ್ಕದ ಊರಿಗೆ ಕರೆ ಕಳುಹಿಸಿದರೆ ಬರುವ ನೆರವು ಅವನ ಪಾಲಿಗೆ ನೆರವಾಗದು. ಆದುದರಿಂದ ರಕ್ಷಕರನ್ನು ಆಪತ್ತು ಬಂದಮೇಲೆ ಕರೆಯುವುದಲ್ಲ. ಮೊದಲೇ ಬಾಗಿಲಲ್ಲಿ ನಿಲ್ಲಿಸಿಕೊಂಡಿರಬೇಕು, ಎರಡನೆಯ ವಾಹನವನ್ನು ಮೊದಲನೆಯದು ಹೊರಟಾಗಲೇ ಹೊರಡಿಸಬೇಕು. ದೊಡ್ಡ ನಗರಗಳಲ್ಲಿ ಇದು ಒಳ್ಳೆಯ ಪದ್ಧತಿ. ನಮ್ಮಂಥ ಹರಡಿದ ನಾಡಿನಲ್ಲಿ ಬೇರೆ ಪದ್ಧತಿಯೇ ಇಲ್ಲ.

ವಿದ್ಯಾರ್ಥಿಗಳಾದ ನಿಮಗೆ ಸಿಲಿಂಡರೂ ಇಲ್ಲ, ಮುಖವಾಡವೂ ಇಲ್ಲ. ಆದರೆ ಬಾವಿಯ ಕಟ್ಟೆಯ ಬಳಿ, ದೋಣಿಯ ಕೋಣೆಯ ಬಾಯಲ್ಲಿ, ಹೊಗೆ ತುಂಬಿದ ಮನೆಯ ಮುಂದೆ ಭಟರಿಗಿಂತ ಮೊದಲು ನಿಲ್ಲುವವರು ನೀವೇ ಆಗಬಹುದು. ಆಗ ಮಾಡಬೇಕಾದುದು ಇಷ್ಟು. ೧೧೨ ಅಥವಾ ೧೦೧ಕ್ಕೆ ಕರೆ ಮಾಡಿ, ಸ್ಥಳವನ್ನೂ ಒಳಗಿರುವವರ ಸಂಖ್ಯೆಯನ್ನೂ, ಗಾಳಿ ಕೆಟ್ಟಿರಬಹುದೆಂಬುದನ್ನೂ ತಿಳಿಸಿರಿ. ಒಳಕ್ಕೆ ಇಳಿಯಬೇಡಿರಿ, ಇಳಿಯಲು ಹೊರಟವನನ್ನು, ಅವನು ಹಿರಿಯನಾದರೂ, ಅಳುತ್ತಿದ್ದರೂ, ತಡೆಯಿರಿ. ಹೊರಗಿದ್ದುಕೊಂಡೇ ಹಗ್ಗವನ್ನು ಎಸೆಯಲು ಸಾಧ್ಯವಾದರೆ ಎಸೆಯಿರಿ. ಒಳಗಿರುವವನು ಮಾತನಾಡುತ್ತಿದ್ದರೆ ಅವನನ್ನು ಮಾತನಾಡಿಸುತ್ತಿರಿ. ಯಾರು ಎಲ್ಲಿ, ಎಷ್ಟು ಹೊತ್ತಿಗೆ ಕಾಣೆಯಾದರೆಂಬುದನ್ನು ನೆನಪಿಟ್ಟು ಬಂದ ಭಟರಿಗೆ ಹೇಳಿರಿ. ಕಾಣುವವರಿಗೆ ನೀವು ಸುಮ್ಮನೆ ನಿಂತಂತೆಯೇ ತೋರೀತು.

ಪ್ರಾತ್ಯಕ್ಷಿಕೆಯು ಮುಗಿದಾಗ ಒಳಹೋದ ಇಬ್ಬರು ಬೆವರಿನಲ್ಲಿ ಮಿಂದು ಹೊರಬಂದರು. ಜನರು ಚಪ್ಪಾಳೆ ತಟ್ಟಿದರು. ಹೊರಗೆ ನಿಂತಿದ್ದ ಇಬ್ಬರು ಆಗ ತಮ್ಮ ಮುಖವಾಡಗಳನ್ನು ಕಳಚಿ, ತೊಯ್ಯದ ಅಂಗಿಯಲ್ಲಿ ವಾಹನದ ಕಡೆಗೆ ನಡೆದರು. ಮರಳುವ ದಾರಿಯಲ್ಲಿ ಆ ಹುಡುಗನಿಗೆ ಮೇಲಿನ ಲೆಕ್ಕವನ್ನು ನಾವು ಬಾಯಲ್ಲಿಯೇ ಮಾಡಿ ತೋರಿಸಿದೆವು. ಹದಿನೆಂಟು ಮತ್ತು ಇಪ್ಪತ್ತನ್ನಾಲ್ಕು ಎಂಬೆರಡು ಅಂಕೆಗಳ ಬಳಿ ಅವನು ಸ್ವಲ್ಪ ಹೊತ್ತು ಸುಮ್ಮನಾದನು. ಆಮೇಲೆ ಕೇಳಿದನು: “ಹಾಗಾದರೆ ಇನ್ನಿಬ್ಬರು ಹೊರಗೆ ಬೇಕಿತ್ತಲ್ಲವೆ, ಸಾರ್?”

ಅಭ್ಯಾಸ: ೬ ಲೀಟರಿನ ಸಿಲಿಂಡರೊಂದರಲ್ಲಿ ೩೦೦ ಬಾರ್ ಒತ್ತಡದ ಗಾಳಿಯಿದೆ. ಬಾಯ್ಲನ ನಿಯಮದಿಂದ ದೊರೆಯುವ ಗಾತ್ರವನ್ನು ೧.೧ರಿಂದ ಭಾಗಿಸಿ ನಿಜವಾದ ಗಾಳಿಯನ್ನು ಕಂಡುಹಿಡಿಯಿರಿ. ಭಟನು ನಿಮಿಷಕ್ಕೆ ೬೦ ಲೀಟರು ಉಸಿರಾಡಿದರೆ ೫೫ ಬಾರಿನ ಸಿಳ್ಳೆಯು ಎಷ್ಟು ನಿಮಿಷಗಳಿಗೆ ಕೂಗುವುದು? ಬಿದ್ದವನ ಬಳಿಗೆ ಹೋಗಲು ೬ ನಿಮಿಷ, ಎಳೆದು ತರಲು ೧೨ ನಿಮಿಷ ಬೇಕಾದರೆ, ಅವನನ್ನು ಕತ್ತಲಲ್ಲಿ ತಡವಿ ಹುಡುಕಲು ಎಷ್ಟು ಹೊತ್ತು ಉಳಿಯುತ್ತದೆ? (ಉತ್ತರ: ಸುಮಾರು ೨೨ ನಿಮಿಷ, ಹುಡುಕಲು ನಾಲ್ಕು ನಿಮಿಷಕ್ಕೂ ಕಡಮೆ.)